ಮರೆತ ಪುಸ್ತಕಗಳನ್ನು ಕೈಗಿತ್ತವರಿಗೆ

ಕಾಯಿಲೆಯಿಂದ ಎದ್ದು ಓಡಾಡುವಂತಾಗಿದ್ದೇನೆ. ಡಾಕ್ಟರಿಗೂ ಮನೆಯವರಿಗೂ ಥ್ಯಾಂಕ್ಸ್ ಹೇಳಿ ಆಯಿತು. ಇನ್ನು ಉಳಿದಿರುವುದು ನನಗೆ ಹಳೇ ಪುಸ್ತಕ ಹುಡುಕಿ ಕೊಟ್ಟವರು.

ಮಲಗಿದ್ದಾಗ ಎಲ್ಲರೂ ಹೊಗಳುವ ಹೊಸ ಪುಸ್ತಕಗಳು ಯಾಕೋ ಹಿಡಿಸಲಿಲ್ಲ. ಆಗ ಗೆಳತಿಯೊಬ್ಬಳು ಕೊಡಗಿನ ಗೌರಮ್ಮನವರ ಕಥೆಗಳ ಸ್ಕ್ಯಾನ್ ಕಳಿಸಿದಳು. ಹೆಸರು ಕೇಳಿದವರು ಬೇಕಾದಷ್ಟಿದ್ದಾರೆ, ಓದಿದವರು ಎಷ್ಟು ಜನ? 1912ರಲ್ಲಿ ಹುಟ್ಟಿ 1939ರಲ್ಲಿ ಈಜಲು ಹೋಗಿ ತೀರಿಕೊಂಡರು. ಕಥೆಗಳು ಪುಸ್ತಕವಾಗಿ ಬಂದಿದ್ದು ಆಮೇಲೆ. ‘ಅಪರಾಧಿ ಯಾರು’ ಓದಿ ಮುಗಿಸಿದ ರಾತ್ರಿ ನೋವು ಮರೆತು ಅದನ್ನೇ ಯೋಚಿಸುತ್ತಾ ಮಲಗಿದ್ದೆ. ಆ ಕಥೆ ಎಲ್ಲೂ ದನಿ ಎತ್ತುವುದಿಲ್ಲ, ಆದರೆ ತಪ್ಪಿಸಿಕೊಳ್ಳಲು ಬಿಡುವುದೂ ಇಲ್ಲ.

ಅಲ್ಲಿಂದ ನಂಜನಗೂಡು ತಿರುಮಲಾಂಬಾ ಅವರ ಪುಸ್ತಕಗಳಿಗೆ ಬಂದೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು 1910ರ ದಶಕದಲ್ಲಿ ಕಾದಂಬರಿ ಬರೆದು, ‘ಸತಿ ಹಿತೈಷಿಣಿ’ ಅಂತ ಸ್ವಂತ ಗ್ರಂಥಮಾಲೆ ಶುರು ಮಾಡಿ, ಪತ್ರಿಕೆಯನ್ನೂ ನಡೆಸಿದ್ದು ಸುಮ್ನೆ ಮಾತಲ್ಲ, ಅಲ್ವಾ? ಉಪದೇಶ ಇವತ್ತಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ನಿಜ. ಆದರೂ ಆ ಛಲ ನನ್ನನ್ನು ಓದಿಸಿಕೊಂಡು ಹೋಯಿತು.

ಹೀಗೆ ಮರೆತುಹೋಗುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಲೇಖಕಿ ಝೋರಾ ನೀಲ್ ಹರ್ಸ್ಟನ್ 1960ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಕಳೆ ಬೆಳೆದ ಜಾಗದಲ್ಲಿ ಹುಡುಕಾಡಿ ಕಲ್ಲು ಹಾಕಿಸಿದರು, ಆಕೆಯ ಬಗ್ಗೆ ಬರೆದರು. ಹರ್ಸ್ಟನ್ ಮತ್ತೆ ಓದುಗರ ಕೈಗೆ ಬಂದರು. ಒಬ್ಬ ಓದುಗರು ಹಟ ಹಿಡಿದರೆ ಇಷ್ಟಾಗುತ್ತದೆ.

ನನ್ನ ಪಾಲಿಗೆ ಹಾಗೆ ಹಟ ಹಿಡಿದವರು ನೀವು. ಸ್ಕ್ಯಾನಿನಲ್ಲಿ ಎರಡು ಪುಟ ಇಲ್ಲ ಅಂದಾಗ ಬೇರೆ ಪ್ರತಿ ಹುಡುಕಿ ಫೋಟೋ ಕಳಿಸಿದವರಿಗೆ, ಒಳಗಿನ ಕಪಾಟಿನಿಂದ ರಟ್ಟು ಕಿತ್ತುಹೋದ ಪುಸ್ತಕ ತೆಗೆದು ದಾರ ಕಟ್ಟಿ ಕೊಟ್ಟ ಲೈಬ್ರರಿಯವರಿಗೆ, ಕಣ್ಣು ಸೋತ ದಿನ ಫೋನಿನಲ್ಲೇ ಓದಿ ಹೇಳಿದ ಗೆಳತಿಗೆ ತುಂಬಾ ಥ್ಯಾಂಕ್ಸ್. ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಟ್ಟವರೇ, ಒಂದು ಪುಟದ ಮೂಲೆಯಲ್ಲಿ ನಿಮ್ಮಲ್ಲೊಬ್ಬರ ಹೆಬ್ಬೆರಳು ಬಿದ್ದಿದೆ. ಅದನ್ನು ಕಂಡು ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಈಗ ತಿರುಮಲಾಂಬಾ ನಡೆಸುತ್ತಿದ್ದ ‘ಕರ್ನಾಟಕ ನಂದಿನಿ’ಯ ಹಳೇ ಸಂಚಿಕೆ ಹುಡುಕುತ್ತಿದ್ದೇನೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಈ ಸಲ ಸ್ಕ್ಯಾನ್ ಮಾಡುವ ಕೆಲಸ ನನ್ನದು.