ಹ್ಯಾಮ್ ಉಪಗ್ರಹದಿಂದ ನೆಟ್‌ವರ್ಕ್ ಬರಲ್ಲ, ಆದರೂ ಆಂಟೆನಾ ಕಟ್ಟಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಮೊಬೈಲ್ ಗೋಳಿನ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದ ಪತ್ರ ಓದಿದೆ. ಟವರ್ ಸತ್ತರೆ ಸಾಯಲಿ, ಹ್ಯಾಮ್ ರೇಡಿಯೋದವರು (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಕೈಯಲ್ಲೊಂದು ಆಂಟೆನಾ ಹಿಡಿದು ಉಪಗ್ರಹದ ಮೂಲಕ ಮಾತಾಡ್ತಾರಂತೆ, ಪ್ರತಿ ಪಂಚಾಯಿತಿಗೂ ಅಂಥದ್ದೊಂದು ಕೊಟ್ಟುಬಿಡಿ ಅಂತ ಅವರ ಸಲಹೆ. ನಾನು ತೀರ್ಥಹಳ್ಳಿ ಕಡೆಯ ಹ್ಯಾಮ್. ಅಂಥ ಆಂಟೆನಾ ಹಿಡಿದು ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಲ್ಲಿ, ನಿಲ್ಲುವ ಪೈಕಿ. ಅವರ ಉತ್ಸಾಹ ಕಂಡು ಖುಷಿಯಾಯಿತು, ಆದರೆ ಸಲಹೆ ನಡೆಯುವಂಥದ್ದಲ್ಲ.

ಯಾಕೆ ಅಂದರೆ, ಈ ಉಪಗ್ರಹಗಳು ಡಿಶ್ ಟೀವಿಯ ಉಪಗ್ರಹದ ಹಾಗೆ ಒಂದೇ ಕಡೆ ನಿಂತಿರುವುದಿಲ್ಲ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಓಡುತ್ತಲೇ ಇರುತ್ತವೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಮುಳುಗುವುದಕ್ಕೆ ಹತ್ತು ಹದಿನೈದು ನಿಮಿಷ, ಅಷ್ಟೇ. ಆಮೇಲೆ ಕಾಯಬೇಕು. ಕೈಯಲ್ಲಿ ಹಿಡಿಯುವ ಸೆಟ್ಟಿಗೆ ಸಿಗುವ ಎಫ್‌ಎಂ ಉಪಗ್ರಹಗಳಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಮತ್ತು ಆ ಒಂದೇ ದಾರಿಗೆ ನಾವು, ಶ್ರೀಲಂಕಾದವರು, ಕೊಲ್ಲಿ ದೇಶದವರು ಎಲ್ಲ ಒಟ್ಟಿಗೆ ನುಗ್ಗಿರುತ್ತೇವೆ. ವ್ಯಾಪಾರದ ಮಾತಿಗೆ ಅನುಮತಿಯೇ ಇಲ್ಲ, ಅಡಿಕೆ ರೇಟು ಕೇಳುವ ಹಾಗಿಲ್ಲ. ನೆರೆ ಬಂದಾಗ, ಗುಡ್ಡ ಕುಸಿದಾಗ ಹ್ಯಾಮ್‌ನವರು ಉಪಯೋಗಕ್ಕೆ ಬರ್ತಾರೆ, ನಿಜ. ಆದರೆ ಆವಾಗ ಉಪಗ್ರಹಕ್ಕಿಂತ ಎರಡು ಮರದ ನಡುವೆ ಕಟ್ಟಿದ ಇಪ್ಪತ್ತು ಮೀಟರ್ ತಂತಿ ವಾಸಿ. 7 ಮೆಗಾಹರ್ಟ್ಸ್‌ನಲ್ಲಿ ಹಗಲು ಹೊತ್ತು ಗುಡ್ಡದ ಅಡ್ಡಿ ಇಲ್ಲದೆ ಕರ್ನಾಟಕದ ಬಹುಪಾಲು ಕಡೆಗೆ ಅದೇ ಮುಟ್ಟುತ್ತದೆ. ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಆಕಾಶದ ಪದರಕ್ಕೆ ತಾಗಿ ಕೆಳಗೆ ಬರುತ್ತದೆ.

ಹಾಗಾದರೆ ಉಪಗ್ರಹದ ಆಂಟೆನಾ ಯಾಕೆ ಬೇಕು? ಕಲಿಯೋದಕ್ಕೆ. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆದು ಮುಗಿಸುವ ಡಾಪ್ಲರ್ ಪರಿಣಾಮ, ತರಂಗದ ಪೋಲರೈಸೇಷನ್ (ಅದು ಅಡ್ಡಕ್ಕೆ ಆಡುತ್ತದೋ ಉದ್ದಕ್ಕೋ ಅನ್ನುವುದು), ಕಕ್ಷೆ, ಇವೆಲ್ಲ ಆ ಹತ್ತು ನಿಮಿಷದಲ್ಲಿ ಕೈಗೆ ಕಿವಿಗೆ ಸಿಗುತ್ತವೆ. ಅದಕ್ಕೆ ಲಕ್ಷಗಟ್ಟಲೆ ದುಡ್ಡೂ ಬೇಡ, ತಾರಸಿ ಮೇಲೆ ತಿರುಗುವ ಮೋಟಾರೂ ಬೇಡ. ನಮ್ಮ ಊರಲ್ಲಿ ಮೋಟಾರು ಕಟ್ಟಿದರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಉಳಿದದ್ದನ್ನು ಮಂಗ ನೋಡಿಕೊಳ್ಳುತ್ತದೆ.

ಆಂಟೆನಾ ಹೇಗೆ ಅಂತ ಸ್ವಲ್ಪ ಹೇಳುತ್ತೇನೆ. ತೋಟದಲ್ಲಿ ಬಿದ್ದಿರುವ ಪಿವಿಸಿ ಪೈಪಿನ ತುಂಡು, ಬಡಗಿಗಳ ಸ್ಟೀಲ್ ಟೇಪು, ಒಂದಿಷ್ಟು ಕ್ಲಾಂಪು, ಟೀವಿ ಕೇಬಲ್ಲಿನಂಥದ್ದೇ ಆದರೆ 50 ಓಮ್‌ನ ಕೇಬಲ್ಲು. ಟೇಪನ್ನು ಕತ್ತರಿಸಿ ಪೈಪಿಗೆ ಕಡ್ಡಿಗಳ ಹಾಗೆ ಕೂರಿಸುವುದು. 145 ಮೆಗಾಹರ್ಟ್ಸ್‌ಗೆ ಒಂದೊಂದು ಕಡ್ಡಿಯೂ ಸುಮಾರು ಒಂದು ಮೀಟರ್ ಉದ್ದ, 435ರ ಸುತ್ತಮುತ್ತ ಅದರ ಮೂರನೇ ಒಂದು ಭಾಗ. ಕಳಿಸೋದು ಒಂದರಲ್ಲಿ, ಕೇಳೋದು ಇನ್ನೊಂದರಲ್ಲಿ. ಎರಡನ್ನೂ ಒಂದೇ ಪೈಪಿಗೆ ಅಡ್ಡ ಒಂದು, ಉದ್ದ ಒಂದು ಅನ್ನೋ ಹಾಗೆ ಕೂರಿಸಿದರೆ ಒಂದರ ಕಾಟ ಇನ್ನೊಂದಕ್ಕೆ ಕಡಿಮೆ. ಸ್ಟೀಲ್ ಟೇಪಿನ ಅನುಕೂಲ ಏನೆಂದರೆ ಮಡಚಿ ಚೀಲಕ್ಕೆ ತುರುಕಿದರೂ, ಬಸ್ಸಿನಲ್ಲಿ ಯಾರಾದರೂ ಒರಗಿದರೂ ಮತ್ತೆ ನೆಟ್ಟಗಾಗುತ್ತದೆ.

ಉಪಗ್ರಹ ಅಂದರೆ ಉದಾಹರಣೆಗೆ 2002ರ ಡಿಸೆಂಬರಿನಲ್ಲಿ ಹಾರಿದ ಎಸ್‌ಒ-50. 145.850 ಮೆಗಾಹರ್ಟ್ಸ್‌ನಲ್ಲಿ ಕಳಿಸಬೇಕು, ಜತೆಗೆ ಬೀಗಕ್ಕೆ ಕೀಲಿಯ ಹಾಗೆ 67 ಹರ್ಟ್ಸ್‌ನ ಟೋನ್ (ದನಿಯ ಅಡಿಯಲ್ಲಿ ಸೆಟ್ಟೇ ಸೇರಿಸುವ ಸಣ್ಣ ಸದ್ದು) ಇರಬೇಕು. ಅದು ಮಲಗಿದ್ದರೆ ಮೊದಲು 74.4ರ ಟೋನ್ ಹಾಕಿ ಎಬ್ಬಿಸಬೇಕು, ಎದ್ದರೆ ಹತ್ತು ನಿಮಿಷ ಎಚ್ಚರ. ಕೇಳುವುದು 436.795ರಲ್ಲಿ, ಆದರೆ ಅದು ನಮ್ಮ ಕಡೆ ಓಡಿ ಬರುವಾಗ ಸುಮಾರು ಹತ್ತು ಕಿಲೋಹರ್ಟ್ಸ್ ಮೇಲೆ ಸಿಗುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ, ದಾಟಿದ ಮೇಲೆ ದಪ್ಪಗಾಗುತ್ತದಲ್ವಾ, ಡಾಪ್ಲರ್ ಅಂದರೆ ಅದೇ. ಐದು ಐದು ಕಿಲೋಹರ್ಟ್ಸ್ ಅಂತರದಲ್ಲಿ ಐದು ಚಾನೆಲ್ ಮೆಮೊರಿಯಲ್ಲಿ ಹಾಕಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಹೋದರಾಯಿತು.

ಇನ್ನು ಮಣಿಕಟ್ಟು. ಇದನ್ನು ಎಷ್ಟು ಹೇಳಿದರೂ ಹೊಸಬರು ನಂಬುವುದಿಲ್ಲ. ಉಪಗ್ರಹ ಅಲ್ಲಿ ಉರುಳಾಡುತ್ತಿರುತ್ತದೆ. ಹಾಗಾಗಿ ಅದರ ಪೋಲರೈಸೇಷನ್ ಬದಲಾಗಿ, ದಿಕ್ಕು ಸರಿ ಇದ್ದರೂ ದನಿ ಮುಳುಗಿಹೋಗುತ್ತದೆ. ಆವಾಗ ಆಂಟೆನಾ ಬೇರೆ ಕಡೆ ತಿರುಗಿಸಬೇಡಿ, ಅಲ್ಲೇ ಹಿಡಿದು ಕೈಯನ್ನು ಕಾಲು ಸುತ್ತು ಹೊರಳಿಸಿ. ದನಿ ಎದ್ದು ಬರುತ್ತದೆ. ಕೋಲಿನ ಮೇಲೆ ಗಟ್ಟಿಯಾಗಿ ಕಟ್ಟಿಟ್ಟ ಸಾದಾ ಯಾಗಿಗೆ (ಇಂಥ ಕಡ್ಡಿ ಆಂಟೆನಾಕ್ಕೆ ಅದೇ ಹೆಸರು) ಈ ಭಾಗ್ಯ ಇಲ್ಲ! ಆಮೇಲೆ ಕಿವಿಗೆ ಹೆಡ್‌ಫೋನ್ ಇರಲಿ. ಸಾಧ್ಯವಾದರೆ ಎರಡು ಸೆಟ್ ಇಟ್ಟುಕೊಳ್ಳಿ, ನಿಮ್ಮ ದನಿ ಮೇಲೆ ಹೋಗಿ ವಾಪಸ್ ಬರುವುದು ನಿಮಗೇ ಕೇಳಿಸಬೇಕು. ಉಪಗ್ರಹವೇ ಕೇಳದೆ ಸುಮ್ನೆ ಬಟನ್ ಒತ್ತಿ ಕೂಗುವವರೇ ಜಾಸ್ತಿ, ಅವರಿಂದ ಎಲ್ಲರಿಗೂ ತೊಂದರೆ. ಐದು ವ್ಯಾಟ್ ಸಾಕು.

ಆ ಪತ್ರದಲ್ಲಿ ಗುಡ್ಡ ಅಡ್ಡ ಬಂದರೂ ನಡೆಯುತ್ತದೆ ಅಂತಿತ್ತು. ಅರ್ಧ ಸತ್ಯ. ಕಣಿವೆಯ ತೋಟದಲ್ಲಿ ನಿಂತರೆ ಆಕಾಶ ಕಾಣುವುದೇ ನೆತ್ತಿ ಮೇಲಿನ ಒಂದು ತುಂಡು. ಮೂವತ್ತು ಡಿಗ್ರಿಗಿಂತ ಕೆಳಗೆಲ್ಲ ಗುಡ್ಡ ಅಂತಿಟ್ಟುಕೊಳ್ಳಿ, ಹತ್ತು ಹದಿನೈದು ನಿಮಿಷದ ಪಾಸು ನಾಲ್ಕು ನಿಮಿಷಕ್ಕೆ ಇಳಿಯುತ್ತದೆ, ಅದೂ ನೆತ್ತಿ ಮೇಲೆ ಹೋದರೆ. ದೂರದ ಊರು ಸಿಗಬೇಕಾದರೆ ಉಪಗ್ರಹ ದಿಗಂತದ ಹತ್ತಿರ ಇರುವಾಗಲೇ ಹಿಡಿಯಬೇಕು, ಅದಕ್ಕೆ ಬ್ಯಾಣವೋ ಬೋಳುಗುಡ್ಡವೋ ಬೇಕು. ಆಂಟೆನಾ ಹೊತ್ತೊಯ್ಯುವ ಹಾಗಿರಬೇಕು ಅನ್ನುವುದು ಇದೇ ಕಾರಣಕ್ಕೆ. ಮಳೆಯಿಂದ ಈ ತರಂಗಗಳಿಗೆ ಹೆಚ್ಚು ನಷ್ಟ ಇಲ್ಲ. ಆಗುಂಬೆಯ ಮಳೆಯೂ ತಡೆಯುವುದಿಲ್ಲ, ಸೆಟ್ಟಿಗೊಂದು ಪ್ಲಾಸ್ಟಿಕ್, ನಮಗೊಂದು ಕಂಬಳಿಕೊಪ್ಪೆ ಇದ್ದರಾಯಿತು. ಆದರೆ ಒದ್ದೆ ಎಲೆ 435ರ ಸಿಗ್ನಲ್ಲನ್ನು ಚೆನ್ನಾಗಿ ನುಂಗುತ್ತದೆ, ದಟ್ಟ ಮರದಡಿ ನಿಲ್ಲಬೇಡಿ. ಗುಡುಗು ಕೇಳಿದರೆ ಗುಡ್ಡ ಇಳಿದುಬಿಡಿ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಆಂಟೆನಾ ಕಟ್ಟುವ ಐಡಿಯಾ ಯಾರಿಗಾದರೂ ಬಂದಿದ್ದರೆ ಬೇಡ ಮಾರಾಯ್ರೆ, ಆ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ, ಮೇಲೆ ಲೈನ್ ಇರುತ್ತದೆ.

ಲೈಸೆನ್ಸ್ ಇಲ್ಲದೆ ಯಾವುದೂ ಬೇಡ. ಪಂಚಾಯಿತಿಗೆ ಹಂಚುವ ಮಾತು ಇಲ್ಲೇ ನಿಲ್ಲುತ್ತದೆ, ಲೈಸೆನ್ಸ್ ಕೊಡುವುದು ಪರೀಕ್ಷೆ ಪಾಸಾದವರಿಗೆ. ರೇಡಿಯೋ ಲೈಸೆನ್ಸ್ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಅದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಬೇಕಿಲ್ಲ, ಹನ್ನೆರಡು ವರ್ಷ ತುಂಬಿದವರು ಬರೆಯಬಹುದು. ಗುಡ್ಡಕ್ಕೆ ಹೋಗುವಾಗ ಅದರ ಪ್ರತಿ ಜೇಬಿನಲ್ಲಿರಲಿ. ಒಂದು ಕಾಲಕ್ಕೆ ನಕ್ಸಲ್ ಕೂಂಬಿಂಗ್ ನಡೆದ ಕಾಡು ನಮ್ಮದು, ಮುಳ್ಳುಮುಳ್ಳಾಗಿರುವ ಕೋಲನ್ನು ಆಕಾಶಕ್ಕೆ ತೋರಿಸುತ್ತಾ ಒಬ್ಬನೇ ಮಾತಾಡುವವನನ್ನು ಕಂಡರೆ ಜನ ಕೇಳದೆ ಬಿಡುತ್ತಾರೆಯೇ. ಕೇಳಿದವರ ಕಿವಿಗೆ ಹೆಡ್‌ಫೋನ್ ಕೊಟ್ಟುಬಿಡಿ, ಅನುಮಾನ ಅಲ್ಲಿಗೆ ಮುಗಿಯುತ್ತದೆ.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. 2005ರ ಮೇ 5ರಂದು ಇಸ್ರೋ ಶ್ರೀಹರಿಕೋಟಾದಿಂದ ಹ್ಯಾಮ್‌ಸ್ಯಾಟ್ ಹಾರಿಸಿತು. 42.5 ಕೆ.ಜಿ. ತೂಕದ ಪೆಟ್ಟಿಗೆ. ಬ್ಯಾಟರಿ ಕೈಕೊಟ್ಟು 2014ರಲ್ಲಿ ನಿಲ್ಲುವವರೆಗೂ ಜಗತ್ತಿನ ಹ್ಯಾಮ್‌ಗಳೆಲ್ಲ ಬಳಸಿದರು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜತೆ ಮಾತಾಡಿದ್ದೂ ಹ್ಯಾಮ್ ರೇಡಿಯೋದಲ್ಲೇ. ಆ ನಿಲ್ದಾಣ ನಮ್ಮ ಜಿಲ್ಲೆಯ ಆಕಾಶದಲ್ಲೂ ಹಾದು ಹೋಗುತ್ತದೆ. ಅದರಲ್ಲೊಂದು ರಿಪೀಟರ್ (ಕೇಳಿದ್ದನ್ನು ಮತ್ತೆ ಕೆಳಗೆ ಕಳಿಸುವ ಯಂತ್ರ) ಇದೆ, ಚಾಲೂ ಇದ್ದಾಗ 437.800ರಲ್ಲಿ ಕೇಳಿಸುತ್ತದೆ. ಆಗ ಶಿವಮೊಗ್ಗ, ತೀರ್ಥಹಳ್ಳಿಯವರಾದರೆ ನಮ್ಮ ಗ್ರಿಡ್ (ಹ್ಯಾಮ್‌ಗಳು ಭೂಪಟವನ್ನು ಚೌಕ ಚೌಕ ಮಾಡಿ ಕೊಟ್ಟ ಗುರುತು) ಎಂಕೆ73 ಅಂತ ಹೇಳುತ್ತೇವೆ, ಸಾಗರ, ಸೊರಬದವರು ಎಂಕೆ74. ಹೊಸ ಗ್ರಿಡ್ ಸಿಕ್ಕಿತು ಅಂತ ಆ ಕಡೆಯವರು ಕುಣಿದಾಡುವುದೂ ಉಂಟು.

ಪತ್ರ ಬರೆದವರು ಪಂಚಾಯಿತಿ ಬಿಟ್ಟು ಹೈಸ್ಕೂಲು, ಪಾಲಿಟೆಕ್ನಿಕ್‌ಗಳ ಬಾಗಿಲು ತಟ್ಟಲಿ, ನಾನೂ ಜತೆಗೆ ಬರುತ್ತೇನೆ. ನಿಮಗೂ ಒಂದು ಕೋರಿಕೆ ಇದೆ. ಮಳೆಗಾಲದಲ್ಲಿ ಲಿಂಗನಮಕ್ಕಿ, ತುಂಗಾ, ಭದ್ರಾ ಜಲಾಶಯಗಳ ಮಟ್ಟವನ್ನು ದಿನವೂ ಹಾಕುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬಾಹ್ಯಾಕಾಶ ನಿಲ್ದಾಣ ಇವತ್ತು ಶಿವಮೊಗ್ಗದ ಮೇಲೆ ಎಷ್ಟು ಗಂಟೆಗೆ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಎಷ್ಟು ಎತ್ತರದಲ್ಲಿ ಹೋಗುತ್ತದೆ ಅಂತ. ಬೇಕಾದರೆ ವಾರದ ಲೆಕ್ಕ ಹಾಕಿ ನಾನೇ ಕಳಿಸುತ್ತೇನೆ.

ಇತಿ,
ಒಬ್ಬ ಹ್ಯಾಮ್ ಓದುಗ
ತೀರ್ಥಹಳ್ಳಿ ತಾಲ್ಲೂಕು