ಟೀಮ್ ಲೀಡ್ ಆದ ಮಗಳಿಗೆ ದೊಡ್ಡಮ್ಮನ ಕಾಗದ

ಪ್ರೀತಿಯ ಪುಟ್ಟಿ,

ಒಂದು ಟೀಮ್ ನಿನ್ನ ಕೈಗೆ ಬಂತು ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ಆದರೆ ಟೀಮ್‌ನವರಿಗೆ ಕಷ್ಟ ಆಗಬಾರದು ಅಂತ ರಾತ್ರಿಯೆಲ್ಲ ಕೂತು ಅವರ ಕೆಲಸವನ್ನೂ ನೀನೇ ಮುಗಿಸುತ್ತೀಯಂತೆ. ಅದಕ್ಕೇ ಈ ಕಾಗದ.

ನಾಯಕನಾಗುವವನು ಮೊದಲು ಸೇವಕನಾಗಿರಬೇಕು ಅಂತ 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಬರೆದರು. ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿಯೊಂದರಲ್ಲಿ ದಶಕಗಟ್ಟಲೆ ದುಡಿದವರು, ಸುಮ್ನೆ ಉಪದೇಶ ಮಾಡಿದವರಲ್ಲ. ಒಂದು ಪರೀಕ್ಷೆಯನ್ನೂ ಇಟ್ಟರು: ನೀನು ನೋಡಿಕೊಳ್ಳುವ ಜನ ಬೆಳೆಯುತ್ತಿದ್ದಾರಾ? ಮೊದಲಿಗಿಂತ ಆರೋಗ್ಯವಾಗಿ, ಸ್ವತಂತ್ರವಾಗಿ ಇದ್ದಾರಾ? ಅವರ ಕೆಲಸ ನೀನೇ ಮಾಡಿಕೊಟ್ಟರೆ ಇದರಲ್ಲಿ ನೀನು ಫೇಲ್. ಅವರು ಕಲಿಯುವುದಿಲ್ಲ, ನೀನು ಮಲಗುವುದಿಲ್ಲ.

ನಿನ್ನಿಂದ ಮಾತ್ರ ಆಗುವ ಸೇವೆ ಬೇರೆ ಇದೆ. ಮೇಲಿನವರು ಡೆಡ್‌ಲೈನ್ ಹೇಳಿದ ಕೂಡಲೇ ತಲೆಯಾಡಿಸಬೇಡ. ಹೊಸ ಕೆಲಸ ಕೊಟ್ಟರೆ, ಹಳೆಯದರಲ್ಲಿ ಯಾವುದನ್ನು ಬಿಡಲಿ ಅಂತ ಅಲ್ಲೇ ಕೇಳು. ಅವರು ಮುಖ ಗಂಟು ಹಾಕಿಕೊಳ್ಳಬಹುದು. ಹಾಕಿಕೊಳ್ಳಲಿ, ಆ ಮುಖ ನೋಡುವುದೂ ನಿನ್ನ ಕೆಲಸವೇ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು 35% ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ. ಅಷ್ಟು ದುಡಿಸಿಕೊಂಡು ಶುಕ್ರವಾರ ಧ್ಯಾನದ ಕ್ಲಾಸ್ ಇಟ್ಟರೆ ಏನು ಬಂತು, ಹೇಳು? ಧ್ಯಾನದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹೊರೆ ಇಳಿಸದೆ ಬೆನ್ನು ನೀವಿದರೆ ನೋವು ಹೋಗುತ್ತಾ?

ಕಷ್ಟ ಇದ್ದರೂ ಜನ ತಾವಾಗಿ ಬಂದು ಹೇಳುವುದಿಲ್ಲ. ಏಮಿ ಎಡ್ಮಂಡ್ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಯ ತಂಡಗಳನ್ನು ನೋಡಿದಾಗ ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು. ವಿಚಿತ್ರ ಅಲ್ವಾ? ಅಲ್ಲಿನವರು ಹೆದರದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಅಂತ ಆಮೇಲೆ ಅವರಿಗೆ ಹೊಳೆಯಿತು. ಹಾಗಾಗಿ ನಮ್ಮ ಟೀಮ್‌ನಲ್ಲಿ ತೊಂದರೆಯೇ ಇಲ್ಲ ಅಂತ ಹಿಗ್ಗಬೇಡ. ಯಾರಾದರೂ ಎಡವಟ್ಟು ಮಾಡಿಕೊಂಡು ಬಂದರೆ, ಯಾರು ಮಾಡಿದ್ದು ಅನ್ನುವ ಮೊದಲು ಏನಾಯಿತು ಅಂತ ಕೇಳು. ಉಳಿದವರೆಲ್ಲ ನಿನ್ನ ಬಾಯಿಂದ ಬರುವ ಆ ಮೊದಲ ಮಾತನ್ನೇ ಕಾಯುತ್ತಿರುತ್ತಾರೆ.

ರಜೆ ಮೊದಲು ನೀನೇ ಹಾಕು. ರಜೆಯಲ್ಲೂ ಮೆಸೇಜ್ ಕಳಿಸುವ ಬಾಸ್ ಇದ್ದರೆ, ಎಷ್ಟು ಹೇಳಿದರೂ ಕೆಳಗಿನವರು ನಿಶ್ಚಿಂತೆಯಿಂದ ರಜೆ ತೆಗೆದುಕೊಳ್ಳುವುದಿಲ್ಲ. ಮುಂದಿನ ತಿಂಗಳು ಇಲ್ಲಿಗೆ ಬಾ. ಲ್ಯಾಪ್‌ಟಾಪ್ ತರಬೇಡ.

ನಿನ್ನ
ದೊಡ್ಡಮ್ಮ