ಪ್ರೊಸೆಸರ್ ವೇಗ ನಿಗದಿ ಮಾಡಬೇಕಾದದ್ದು ಮೇ ತಿಂಗಳಲ್ಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಹಲವು ವರ್ಷಗಳಿಂದ ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳ ಜೋಡಣೆ ಮತ್ತು ದುರಸ್ತಿ ಮಾಡಿಕೊಂಡು ಬಂದಿರುವ ನನಗೆ ಪ್ರತಿ ಏಪ್ರಿಲ್‌ನಲ್ಲೂ ಒಂದೇ ಬಗೆಯ ದೂರು ಬರುತ್ತದೆ. ಚಳಿಗಾಲವಿಡೀ ಚೆನ್ನಾಗಿ ನಡೆದ ಕಂಪ್ಯೂಟರ್, ಆಟದ ನಡುವೆಯೋ ಮದುವೆ ವಿಡಿಯೊ ಎಡಿಟಿಂಗ್ ನಡುವೆಯೋ ತಾನಾಗಿ ಆಫ್ ಆಗುತ್ತಿದೆ ಎನ್ನುತ್ತಾರೆ. ವಿಚಾರಿಸಿದರೆ, ಡಿಸೆಂಬರ್‌ನಲ್ಲಿ ಯಾವುದೋ ವಿಡಿಯೊ ನೋಡಿ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿರುತ್ತಾರೆ, ಅಂದರೆ ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡುವಂತೆ ಮಾಡಿರುತ್ತಾರೆ.

ಓವರ್‌ಕ್ಲಾಕ್ ಮಾಡುವುದು ತಪ್ಪಲ್ಲ. ಆದರೆ ಎ.ಸಿ. ಕೋಣೆಯಲ್ಲಿ ಕುಳಿತು ಹೇಳಿದ ಅಂಕಿಗಳು ನಮ್ಮೂರಿಗೆ ಹೊಂದುವುದಿಲ್ಲ. ಫ್ಯಾನ್ ಇರುವ ಕೂಲರ್ ಆಗಲಿ, ದುಬಾರಿ ಲಿಕ್ವಿಡ್ ಕೂಲರ್ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಪ್ರೊಸೆಸರನ್ನು ಇಡಲಾರದು. 24 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿ ತೋರಿಸುವ ಪ್ರೊಸೆಸರ್, 40 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 96ಕ್ಕೆ ಏರುತ್ತದೆ. ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳು 100 ಡಿಗ್ರಿಯ ಹೊತ್ತಿಗೆ ತಾವಾಗಿಯೇ ವೇಗ ತಗ್ಗಿಸಿಕೊಳ್ಳುವುದರಿಂದ, ಕಷ್ಟಪಟ್ಟು ಏರಿಸಿದ ವೇಗ ನಮ್ಮ ಬೇಸಿಗೆಯಲ್ಲಿ ಕೈಗೆ ಸಿಗುವುದೇ ಇಲ್ಲ.

ಇದಕ್ಕಿಂತ ದೊಡ್ಡ ಅಪಾಯ, ಹೆಚ್ಚಿನ ವೇಗಕ್ಕೆಂದು ಪ್ರೊಸೆಸರ್‌ಗೆ ಏರಿಸುವ ವೋಲ್ಟೇಜಿನದು. ಪ್ರೊಸೆಸರ್ ಉಗುಳುವ ಶಾಖ ವೇಗದೊಂದಿಗೆ ಅದೇ ಪ್ರಮಾಣದಲ್ಲಿ ಏರಿದರೆ, ವೋಲ್ಟೇಜಿನ ವರ್ಗದಷ್ಟು ಏರುತ್ತದೆ; ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಶಾಖ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಪ್ರೊಸೆಸರ್‌ಗಳು ಅತಿ ವೋಲ್ಟೇಜಿನಿಂದ ಹಾಳಾಗುತ್ತಿದ್ದುದರಿಂದ ಕಂಪನಿಯೇ 2024ರ ಆಗಸ್ಟ್‌ನಲ್ಲಿ ತಿದ್ದುಪಡಿ ನೀಡಬೇಕಾಯಿತು. ಅಂಥ ಪ್ರೊಸೆಸರ್ ಇರುವವರು ಬೇರೆಲ್ಲಕ್ಕಿಂತ ಮೊದಲು ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಮದರ್‌ಬೋರ್ಡ್‌ನಲ್ಲಿರುವ ತಂತ್ರಾಂಶ) ಅಪ್‌ಡೇಟ್ ಮಾಡಿಸಿ ಆ ತಿದ್ದುಪಡಿ ಪಡೆಯಬೇಕು, ಅದೂ ಯುಪಿಎಸ್ ಇದ್ದಾಗ ಮಾತ್ರ.

ಇತ್ತೀಚೆಗೆ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ತನ್ನ ಕಂಪ್ಯೂಟರ್ ತಂದಿದ್ದ. ಆಫ್ ಆದಾಗಲೆಲ್ಲ ವೇಗಕ್ಕೆ ವಿದ್ಯುತ್ ಸಾಲದಾಗಿದೆ ಎಂದು ತಿಳಿದು ವೋಲ್ಟೇಜನ್ನೇ ಏರಿಸುತ್ತಾ ಬಂದಿದ್ದನಂತೆ. ಕೂಲರ್‌ನ ಫ್ಯಾನ್ ಕಳಚಿದಾಗ, ಅದರ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಕೆಂಪು ದೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದಿರು ಲಾರಿಗಳು ಓಡಾಡುವ ರಸ್ತೆ ಬದಿಯ ಮನೆ ಅವನದು. ಕೂಲರನ್ನೇ ಎತ್ತಿ ನೋಡಿದರೆ, ಅದರ ತಳಕ್ಕೆ ಅಂಟಿಸಿ ಬರುವ ಪ್ಲಾಸ್ಟಿಕ್ ಹಾಳೆ ಹಾಗೆಯೇ ಉಳಿದಿತ್ತು! ಜೋಡಿಸಿ ಕೊಟ್ಟವರು ಅದನ್ನು ಕೀಳುವುದನ್ನೇ ಮರೆತಿದ್ದರು. ಹಾಳೆ ಕಿತ್ತು, ದೂಳು ತೆಗೆದು, ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ, ವೋಲ್ಟೇಜನ್ನು ಮೂಲ ಮಟ್ಟಕ್ಕೆ ಇಳಿಸಿದ ಮೇಲೆ ಆ ಕಂಪ್ಯೂಟರ್ ಒಮ್ಮೆಯೂ ನಿಂತಿಲ್ಲ.

ವೇಗ ಹೆಚ್ಚಿಸಲೇಬೇಕೆನ್ನುವ ಯುವಕರಲ್ಲಿ ನನ್ನ ವಿನಂತಿ ಇಷ್ಟು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಪ್ರೊಸೆಸರ್ ಮತ್ತು 'ಝಡ್' ಸರಣಿಯ ಮದರ್‌ಬೋರ್ಡ್ ಇದ್ದರಷ್ಟೇ ಈ ಕೆಲಸಕ್ಕೆ ಕೈಹಾಕಿ. ಎಎಂಡಿ ಕಂಪನಿಯ ರೈಝೆನ್ ಪ್ರೊಸೆಸರ್‌ಗಳಲ್ಲಿ ಬಹುತೇಕ ಎಲ್ಲಕ್ಕೂ ಅವಕಾಶವಿದೆ. ವಾರಂಟಿ ಕೈತಪ್ಪಬಹುದೆಂಬುದು ನೆನಪಿರಲಿ. ಒಮ್ಮೆಗೆ 100 ಮೆಗಾಹರ್ಟ್ಸ್‌ಗಿಂತ ಹೆಚ್ಚು ಏರಿಸದೆ, ವೋಲ್ಟೇಜ್ ಮುಟ್ಟದೆ, ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿಯೇ, ಪ್ರೊಸೆಸರ್‌ಗೆ ಪೂರ್ಣ ಹೊರೆ ಕೊಟ್ಟು ಪರೀಕ್ಷಿಸುವ ಓಸಿಸಿಟಿ ಅಥವಾ ಪ್ರೈಮ್95 ತಂತ್ರಾಂಶವನ್ನು ಒಂದು ಗಂಟೆ ಓಡಿಸಿ ತಾಪಮಾನ ನೋಡಬೇಕು. ಅದು 85 ದಾಟಿದರೆ ಒಂದು ಹೆಜ್ಜೆ ಹಿಂದಕ್ಕೆ ಬರುವುದು ಒಳ್ಳೆಯದು. ಕಂಪ್ಯೂಟರ್ ಆನ್ ಆಗದೇ ಹೋದರೆ ಗಾಬರಿ ಬೇಡ. ವಿದ್ಯುತ್ ಸಂಪರ್ಕ ತೆಗೆದು ಸಿಮೋಸ್ ರೀಸೆಟ್ ಮಾಡಿದರೆ (ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೂಲ ಸ್ಥಿತಿಗೆ ತಂದರೆ) ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ನೀರು ತುಂಬುವ ಏರ್ ಕೂಲರನ್ನು ಮಾತ್ರ ಕ್ಯಾಬಿನೆಟ್ ಕಡೆಗೆ ತಿರುಗಿಸಬಾರದು, ಆ ತೇವದ ಗಾಳಿಗೆ ದೂಳು ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಜೋಡಣೆ ಮಾಡುವ ನನ್ನ ವೃತ್ತಿಬಾಂಧವರಲ್ಲಿಯೂ ಒಂದು ಕೋರಿಕೆಯಿದೆ. ಗ್ರಾಹಕರಿಗೆ ಯಂತ್ರ ಒಪ್ಪಿಸುವ ಮುನ್ನ ಅರ್ಧ ಗಂಟೆ ಪೂರ್ಣ ಹೊರೆ ಕೊಟ್ಟು, ಪ್ರೊಸೆಸರ್ ತಲುಪಿದ ತಾಪಮಾನ ಮತ್ತು ಆಗ ಕೋಣೆಯಲ್ಲಿದ್ದ ತಾಪಮಾನ ಎರಡನ್ನೂ ಬಿಲ್ಲಿನ ಮೇಲೆಯೇ ಬರೆದುಕೊಡಬೇಕು. ನಾನು ಈ ಬೇಸಿಗೆಯಿಂದ ಹಾಗೆ ಮಾಡುತ್ತಿದ್ದೇನೆ.

— ಒಬ್ಬ ಕಂಪ್ಯೂಟರ್ ತಂತ್ರಜ್ಞ, ಬಳ್ಳಾರಿ